ತಾರೆಗೆ ಜ್ಞಾನೋದಯವಾದರೆ ಕೇಳುವವರು ಯಾರು?

(ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಭಾನುವಾರ ಸಂಜೆ, ಓದುಗ ಗೆಳೆಯರ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ನನಗೆ ಮುಜುಗರ ತಂದ ಭಾಗವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2017ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಫ್ಯಾಷನ್ ವಾರದ ಒಂದು ಔತಣಕೂಟಕ್ಕೆ ಹಾಲಿವುಡ್ಡಿನ ಹಾಸ್ಯನಟ ಜಿಮ್ ಕ್ಯಾರಿ ಬಂದಿದ್ದರು. ಬಾಗಿಲಲ್ಲಿ ಮೈಕು ಹಿಡಿದು ನಿಂತಿದ್ದ ಟೀವಿ ವರದಿಗಾರ್ತಿಯ ಸುತ್ತ ಅವರು ಒಂದು ಪ್ರದಕ್ಷಿಣೆ ಹಾಕಿ, ಇದಕ್ಕೆಲ್ಲ ಯಾವ ಅರ್ಥವೂ ಇಲ್ಲ, ಅತ್ಯಂತ ಅರ್ಥಹೀನವಾದದ್ದು ಎಲ್ಲಿದೆಯೆಂದು ಹುಡುಕಿಕೊಂಡು ಇಲ್ಲಿಗೆ ಬಂದೆ ಎಂಬರ್ಥದ ಮಾತನ್ನಾಡಿದರು. ಚೆನ್ನಾಗಿ ಉಡುಪು ಧರಿಸಿ ಬಂದಿದ್ದೀರಲ್ಲ ಎಂದು ಆಕೆ ಕೇಳಿದ್ದಕ್ಕೆ, ಉಡುಪು ಧರಿಸಿದ್ದು ನಾನಲ್ಲ, ‘ನಾನು’ ಎಂಬುದೇ ಇಲ್ಲ, ಏನೇನೋ ನಡೆಯುತ್ತಿದೆ ಅಷ್ಟೆ ಎಂದರು. ಆ ತುಣುಕು ಜಗತ್ತನ್ನೆಲ್ಲ ಸುತ್ತಿತು. ಒಂದಷ್ಟು ಕಾಲವಾದ ಮೇಲೆ ನಮ್ಮ ಅಕ್ಕನ ಮಗ ಅದನ್ನು ನನಗೆ ಕಳಿಸಿ, ‘ಮಾಮ, ಇವರಿಗೆ ಆಗಿದೆ ಅಂತ ಕಾಣುತ್ತೆ’ ಎಂದು ಬರೆದಿದ್ದ. ಏನು ಆಗಿದೆ ಎಂದು ಅವನು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಆ ಒಂದು ‘ಆಗಿದೆ’ಯನ್ನು ಕುರಿತೇ ಇವತ್ತಿನ ನನ್ನ ಮಾತು. ಕ್ಯಾರಿಯವರಿಗೆ ಆಗಿದೆಯೋ ಇಲ್ಲವೋ ಎಂದು ತೀರ್ಪು ಕೊಡಲು ನಾನು ಬಂದಿಲ್ಲ; ಅದಕ್ಕೆ ಬೇಕಾದ ತಕ್ಕಡಿ ನನ್ನ ಹತ್ತಿರ ಇಲ್ಲ. ನಾನು ಕೇಳುತ್ತಿರುವುದು ಇಷ್ಟು: ಒಬ್ಬ ತಾರೆ ತನಗೆ ಅರಿವು ಮೂಡಿತೆಂದು ಸಾರ್ವಜನಿಕವಾಗಿ ಹೇಳಿಕೊಂಡಾಗ, ಆ ಮಾತನ್ನು ಒರೆಗೆ ಹಚ್ಚುವ ಕೆಲಸವನ್ನು ಯಾರು ಮಾಡುತ್ತಾರೆ? ನಮ್ಮ ದೇಶದಲ್ಲಿ ಹಿಂದೆ ಆ ಕೆಲಸಕ್ಕೆಂದೇ ಜನ ಇದ್ದರು, ಕಥೆಗಳಿದ್ದವು, ಕಟ್ಟಳೆಗಳಿದ್ದವು. ಈಗ ಕೆಂಪು ಹಾಸಿನ ಎರಡೂ ಬದಿಯಲ್ಲಿ ಪ್ರೇಕ್ಷಕರು ಮಾತ್ರ ಇದ್ದಾರೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳೋಣ. ಗುರುವಾದವನು ತಾರೆಯಾಗುವುದು ಒಂದು ದಾರಿ, ತಾರೆಯಾದವನು ಗುರುವಿನ ಮಾತನಾಡುವುದು ಇನ್ನೊಂದು ದಾರಿ. ಮೊದಲನೆಯದು ನಮಗೆ ಹಳೆಯ ಪರಿಚಯ. 1953ರ ಮಾರ್ಚ್ 21ರಂದು ಜಬಲ್ಪುರದ ಉದ್ಯಾನವೊಂದರ ಬಕುಳದ ಮರದ ಕೆಳಗೆ ತಮಗೆ ಜ್ಞಾನೋದಯವಾಯಿತೆಂದು, ಮುಂದೆ ಓಶೋ ಎಂದು ಹೆಸರಾದ ರಜನೀಶರು ಹೇಳಿಕೊಂಡರು; ಹೇಳಿಕೊಂಡದ್ದು ಮಾತ್ರ ಎಷ್ಟೋ ವರ್ಷಗಳ ನಂತರ. ಎಕಾರ್ಟ್ ಟೋಲೆ ಎಂಬ ಜರ್ಮನ್ ಮೂಲದ ಬೋಧಕರು, 1977ರಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಒಂದು ರಾತ್ರಿ ತಮ್ಮೊಳಗಿನ ‘ನಾನು’ ಕಳಚಿಬಿತ್ತೆಂದೂ, ಆಮೇಲೆ ಸುಮಾರು ಎರಡು ವರ್ಷ ಲಂಡನ್ನಿನ ಉದ್ಯಾನದ ಬೆಂಚುಗಳ ಮೇಲೆ ಸುಮ್ಮನೆ ಕುಳಿತು ಕಾಲ ಕಳೆದೆನೆಂದೂ ಹೇಳುತ್ತಾರೆ. 2008ರಲ್ಲಿ ಅಮೆರಿಕದ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಜೊತೆ ಕೂತು 10 ವಾರ ಅಂತರ್ಜಾಲದಲ್ಲಿ ಪಾಠ ಮಾಡಿದ ಮೇಲೆ ಆ ಬೆಂಚು ಜಗತ್ಪ್ರಸಿದ್ಧವಾಯಿತು. ಇಂಥವರ ವಿಷಯದಲ್ಲಿ ಬಂದವರು ಆ ಮಾತಿಗಾಗಿಯೇ ಬಂದಿರುತ್ತಾರೆ. ಮಾತು ಪೊಳ್ಳಾದರೆ ಉಳಿದದ್ದೂ ಕುಸಿಯುತ್ತದೆ. ತಾರೆಯ ವಿಷಯ ಹಾಗಲ್ಲ. ಅವನ ಮುಖ ನಮಗೆ ಮೂವತ್ತು ವರ್ಷಗಳಿಂದ ಗೊತ್ತು, ಅವನನ್ನು ನೋಡಿ ನಕ್ಕಿದ್ದೇವೆ, ಅತ್ತಿದ್ದೇವೆ, ಅವನ ಮೇಲೆ ಪ್ರೀತಿ ಆಗಲೇ ಇದೆ. ಆ ಪ್ರೀತಿಯ ಖಾತೆಗೆ ಅವನು ಜ್ಞಾನೋದಯದ ಒಂದು ಚೆಕ್ಕನ್ನು ಹಾಕಿದರೆ ನಾವು ಸಹಿಯನ್ನೂ ನೋಡದೆ ಪಾಸು ಮಾಡುತ್ತೇವೆ.

ಆದರೆ ತಾರೆಯ ಪರವಾಗಿ ಹೇಳಬೇಕಾದ ಮಾತೊಂದಿದೆ, ಅದನ್ನು ಮರೆತರೆ ನಾನು ಬರೀ ಕುಹಕಿಯಾಗುತ್ತೇನೆ. ದುಡ್ಡು ಬಂದರೆ, ಹೆಸರು ಬಂದರೆ, ಮನಸ್ಸು ತುಂಬುತ್ತದೆ ಎಂದು ನಾವೆಲ್ಲ ನಂಬಿ ದುಡಿಯುತ್ತಿದ್ದೇವೆ. ಈ ನಂಬಿಕೆ ಸುಳ್ಳೆಂದು ಪುರಾಣಿಕರು ಹೇಳಿದರೆ ನಾವು ತಲೆದೂಗುತ್ತೇವೆ, ಆದರೆ ನಂಬುವುದಿಲ್ಲ, ಏಕೆಂದರೆ ಪುರಾಣಿಕರ ಬಳಿ ದುಡ್ಡೂ ಇಲ್ಲ, ಹೆಸರೂ ಇಲ್ಲ. ತಾರೆ ಆ ತುದಿಯವರೆಗೆ ಹೋಗಿ ನೋಡಿ ಬಂದವನು. ಕ್ಯಾರಿಯವರು ತಮ್ಮ ಖಿನ್ನತೆಯ ವರ್ಷಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿದ್ದಾರೆ. ಶಿಖರದಲ್ಲಿ ಏನೂ ಇಲ್ಲ ಎಂದು ಅವರು ಹೇಳುವಾಗ ಅದು ಪ್ರತ್ಯಕ್ಷ ಸಾಕ್ಷಿ, ಅದನ್ನು ನಾನು ಪೂರ್ತಿ ನಂಬುತ್ತೇನೆ. ವಿನೋದ್ ಖನ್ನಾ ಅವರು ಹಿಂದಿ ಚಿತ್ರರಂಗದಲ್ಲಿ ಮೇಲಿದ್ದಾಗಲೇ ಎದ್ದು ಅಮೆರಿಕದ ಆರೆಗಾನಿನಲ್ಲಿದ್ದ ರಜನೀಶರ ಆಶ್ರಮ ರಜನೀಶಪುರಂಗೆ ಹೋಗಿ ಗಿಡಗಳಿಗೆ ನೀರು ಹಾಕಿದ್ದು ನಾಟಕವೆಂದು ಯಾರೂ ಹೇಳಲಾರರು.

ಕಷ್ಟ ಶುರುವಾಗುವುದು ಆಮೇಲಿನ ಹೆಜ್ಜೆಯಲ್ಲಿ. ನಮ್ಮ ಹಿರಿಯರು ವೈರಾಗ್ಯವನ್ನೂ ಜ್ಞಾನವನ್ನೂ ಎರಡು ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದರು. ವೈರಾಗ್ಯದಲ್ಲಿಯೂ ಪುರಾಣ ವೈರಾಗ್ಯ, ಪ್ರಸವ ವೈರಾಗ್ಯ, ಸ್ಮಶಾನ ವೈರಾಗ್ಯ ಎಂಬ ಮೂರು ಅಗ್ಗದ ಬಗೆಗಳನ್ನು ಗುರುತಿಸಿ ನಗುತ್ತಿದ್ದರು: ಹರಿಕಥೆ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ, ಬಾಣಂತನ ಮುಗಿಯುವಷ್ಟರಲ್ಲಿ, ಸುಡುಗಾಡಿನಿಂದ ಬಂದು ಸ್ನಾನ ಮಾಡುವಷ್ಟರಲ್ಲಿ ಇಳಿದುಹೋಗುವಂಥವು. ಈ ಪಟ್ಟಿಗೆ ಕೆಂಪು ಹಾಸಿನ ವೈರಾಗ್ಯ ಎಂಬ ನಾಲ್ಕನೆಯದನ್ನು ಸೇರಿಸಬಹುದೇ ಎಂದು ನನಗೆ ಅನಿಸಿದ್ದುಂಟು. ಆದರೆ ಅದು ಬೇಗ ಇಳಿಯುತ್ತದೆ ಎನ್ನುವುದಕ್ಕಿಂತ, ಬೇಸರವು ಜ್ಞಾನದ ಹೆಸರನ್ನು ಇಟ್ಟುಕೊಳ್ಳುತ್ತದೆ ಎಂಬುದು ದೊಡ್ಡ ತೊಂದರೆ. ‘ಇದರಲ್ಲಿ ಸುಖವಿಲ್ಲ’ ಎಂಬುದು ಅನುಭವ. ‘ನಾನೆಂಬುದೇ ಇಲ್ಲ’ ಎಂಬುದು ಸಿದ್ಧಾಂತ. ಮೊದಲನೆಯದರ ನೋವು ಎರಡನೆಯದಕ್ಕೆ ಪುರಾವೆಯಾಗುವುದಿಲ್ಲ.

ಈ ವ್ಯತ್ಯಾಸವನ್ನು ಬಿಗಿಯಾಗಿ ಹಿಡಿದವರು ನಮ್ಮ ಊರಿನಲ್ಲೇ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತತ್ತ್ವಶಾಸ್ತ್ರವನ್ನು ಹೇಳಿಕೊಟ್ಟ ವಿ. ಸುಬ್ರಹ್ಮಣ್ಯ ಅಯ್ಯರ್ ಅವರನ್ನು ಇಂದಿನವರು ಹೆಚ್ಚು ನೆನೆಯುವುದಿಲ್ಲ. ಅನುಭಾವಿಗೆ ಆನಂದವಾಗುತ್ತದೆ ಎಂಬುದನ್ನು ಅವರು ಅಲ್ಲಗಳೆಯುತ್ತಿರಲಿಲ್ಲ. ಆದರೆ ಆನಂದವಾದದ್ದೆಲ್ಲ ಸತ್ಯವೆಂದು ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ತಿರುವಣ್ಣಾಮಲೈಯ ರಮಣ ಮಹರ್ಷಿಗಳನ್ನು 1934ರ ತಮ್ಮ ಗ್ರಂಥದ ಮೂಲಕ ಪಾಶ್ಚಾತ್ಯರಿಗೆ ಪರಿಚಯಿಸಿದ ಪಾಲ್ ಬ್ರಂಟನ್ ಆ ಬಳಿಕ ಮೈಸೂರಿಗೆ ಬಂದು ಅಯ್ಯರ್ ಅವರ ಬಳಿ ವೇದಾಂತ ಕೇಳಿದರು. ದೊಡ್ಡ ದೊಡ್ಡ ಅನುಭವಗಳನ್ನು ಅರಸಿ ದೇಶವೆಲ್ಲ ತಿರುಗಿದ್ದ ಬರಹಗಾರನೊಬ್ಬ ಇಲ್ಲಿಗೆ ಬಂದು, ನಿನಗೆ ಆದದ್ದು ನಿಜವೋ ಎಂಬ ಪ್ರಶ್ನೆಯೆದುರು ಕೂತ ಚಿತ್ರ ನನಗೆ ಬಹಳ ಪ್ರಿಯವಾದದ್ದು. ಇಂದು ಗೋಕುಲಂನ ಬೀದಿಗಳಲ್ಲಿ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಎಳನೀರು ಕುಡಿಯುತ್ತ ನಿಂತ ಪರದೇಶದ ಯೋಗಾರ್ಥಿಗಳನ್ನು ಕಂಡಾಗಲೆಲ್ಲ, ಇವರಿಗೆ ಆಸನ ತಿದ್ದುವವರು ಬೇಕಾದಷ್ಟು ಜನ ಇದ್ದಾರೆ, ಆ ಪ್ರಶ್ನೆ ಕೇಳುವವರು ಯಾರಿದ್ದಾರೆ ಎಂದುಕೊಳ್ಳುತ್ತೇನೆ.

ಯೋಗದ ಮಾತು ಬಂದದ್ದರಿಂದ ಒಂದು ಅಧ್ಯಯನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯೋಗ, ಧ್ಯಾನಗಳಿಂದ ಅಹಂಕಾರ ಕರಗುತ್ತದೆ ಎಂಬುದನ್ನು ಪರೀಕ್ಷಿಸಲು ಜರ್ಮನಿಯ ಸಂಶೋಧಕರು 93 ಯೋಗಾಭ್ಯಾಸಿಗಳನ್ನು 15 ವಾರ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಅವರಿಗೆ ಹೇಗೆ ಕಂಡಿತೋ, ನಮ್ಮ ಅಜ್ಜಿಯರಿಗಂತೂ ಅಚ್ಚರಿ ತರುತ್ತಿರಲಿಲ್ಲ: ಅಭ್ಯಾಸ ಮುಗಿಸಿ ಎದ್ದ ಹೊತ್ತಿನಲ್ಲಿ ಅವರು ತಮ್ಮನ್ನು ಇತರರಿಗಿಂತ ಮೇಲೆಂದು ಎಣಿಸಿಕೊಳ್ಳುವುದು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಯಾವ ಕೆಲಸವನ್ನು ನಾವು ನಮ್ಮ ಗುರುತನ್ನಾಗಿ ಮಾಡಿಕೊಳ್ಳುತ್ತೇವೆಯೋ ಅದರಲ್ಲಿ ನಮ್ಮ ಹೆಮ್ಮೆ ಬೆಳೆಯುತ್ತದೆ. ಆ ಕೆಲಸ ಹೆಮ್ಮೆಯನ್ನು ಬಿಡುವುದೇ ಆಗಿದ್ದರೂ ಸರಿ.

ಈಗ ಕಟ್ಟಳೆಗಳಿಗೆ ಬರೋಣ. ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಸೂಕ್ಷ್ಮವಾದ ಕಾನೂನು ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ. ಭಿಕ್ಷುವನ್ನು ಸಂಘದಿಂದ ಶಾಶ್ವತವಾಗಿ ಹೊರಹಾಕುವ ಅಪರಾಧಗಳು ನಾಲ್ಕು: ಮೈಥುನ, ಕಳವು, ಕೊಲೆ, ಮತ್ತು ತನಗೆ ಆಗದ ಜ್ಞಾನೋದಯವನ್ನು ಆಗಿದೆಯೆಂದು ಹೇಳಿಕೊಳ್ಳುವುದು. ಕೊಲೆಯ ಪಕ್ಕದಲ್ಲಿ ಇದನ್ನು ಕೂರಿಸಿದ್ದಾರೆ. ಈ ನಿಯಮ ಹುಟ್ಟಿದ ಕಥೆ ಹೀಗಿದೆ. ವಜ್ಜಿ ದೇಶದಲ್ಲಿ ಬರ ಬಿದ್ದಿತ್ತು, ಭಿಕ್ಷೆ ಹುಟ್ಟುತ್ತಿರಲಿಲ್ಲ. ವಗ್ಗುಮುದಾ ನದಿಯ ದಡದಲ್ಲಿ ಮಳೆಗಾಲ ಕಳೆಯುತ್ತಿದ್ದ ಭಿಕ್ಷುಗಳು ಒಂದು ಉಪಾಯ ಹೂಡಿದರು. ಊರಿನ ಗೃಹಸ್ಥರ ಮುಂದೆ ಒಬ್ಬರನ್ನೊಬ್ಬರು ಹೊಗಳತೊಡಗಿದರು: ಇಂಥವರು ಮೊದಲನೆಯ ಧ್ಯಾನವನ್ನು ಪಡೆದವರು, ಇಂಥವರು ಪೂರ್ಣ ಜ್ಞಾನ ಪಡೆದ ಅರ್ಹಂತರು ಎಂದು. ಇಂಥ ಮಹಾತ್ಮರು ನಮ್ಮ ಊರಿಗೆ ಬಂದರಲ್ಲ ಎಂದು ಜನ ತಾವು ಉಣ್ಣದೆ, ತಂದೆತಾಯಿಗೆ, ಹೆಂಡತಿ ಮಕ್ಕಳಿಗೆ ಕೊಡದೆ, ಇವರಿಗೆ ಬಡಿಸಿದರು. ಮಳೆಗಾಲ ಮುಗಿದು ಎಲ್ಲ ಕಡೆಯ ಭಿಕ್ಷುಗಳು ಬುದ್ಧನನ್ನು ಕಾಣಲು ಬಂದಾಗ ಉಳಿದವರೆಲ್ಲ ಒಣಗಿ ನರ ಎದ್ದು ಕಾಣುತ್ತಿದ್ದರು. ವಗ್ಗುಮುದಾ ದಡದವರು ಮಾತ್ರ ಮೈ ತುಂಬಿಕೊಂಡು ಹೊಳೆಯುತ್ತಿದ್ದರು. ಬುದ್ಧ ವಿಚಾರಿಸಿ, ಜಗತ್ತಿನಲ್ಲಿ ಇವರಿಗಿಂತ ದೊಡ್ಡ ಕಳ್ಳರಿಲ್ಲ, ನಾಡಿನ ಅನ್ನವನ್ನು ಕದ್ದು ತಿಂದಿದ್ದಾರೆ ಎಂದು ನಿಯಮ ವಿಧಿಸಿದ.

ಆ ಊರಿನ ಮಕ್ಕಳ ತಟ್ಟೆಯನ್ನು ಗಮನಿಸಿ. ಸುಳ್ಳು ಹೇಳಿದ್ದಕ್ಕೆ ಮಾತ್ರ ಬುದ್ಧ ಸಿಟ್ಟಾಗಲಿಲ್ಲ. ಆ ಸುಳ್ಳಿನ ಬೆಲೆಯನ್ನು ಹಸಿದ ಮನೆಗಳು ತೆತ್ತವು ಎಂಬುದಕ್ಕೆ ಸಿಟ್ಟಾದ. ಈ ಕಾನೂನಿಗೆ ಇನ್ನೂ ಎರಡು ಎಳೆಗಳಿವೆ. ತನಗೆ ನಿಜವಾಗಿ ಅಂಥ ಸಿದ್ಧಿ ಆಗಿದ್ದರೂ ಅದನ್ನು ದೀಕ್ಷೆಯಾಗದವರ ಮುಂದೆ ಹೇಳಿಕೊಂಡರೆ ಅದೂ ತಪ್ಪು, ಆದರೆ ಪ್ರಾಯಶ್ಚಿತ್ತದಿಂದ ತೀರುವ ಸಣ್ಣ ತಪ್ಪು. ಇನ್ನು, ಆಗದಿದ್ದುದನ್ನು ಆಗಿದೆಯೆಂದು ಪ್ರಾಮಾಣಿಕವಾಗಿ ಭ್ರಮಿಸಿ ಹೇಳಿದವನು ಅಪರಾಧಿಯಲ್ಲ. ಅದಕ್ಕೆ ‘ಅಧಿಮಾನ’ ಎಂಬ ಹೆಸರನ್ನೇ ಇಟ್ಟು ವಿನಾಯಿತಿ ಕೊಟ್ಟಿದ್ದಾರೆ. ಬೇಕೆಂದೇ ಸುಳ್ಳು ಹೇಳುವವನು, ನಿಜವನ್ನು ಡಂಗುರ ಹೊಡೆಯುವವನು, ತಪ್ಪು ತಿಳಿದವನು, ಮೂವರಿಗೂ ಮೂರು ತೀರ್ಪು. ನಮ್ಮ ಕಾಲದ ತಾರೆಯರಲ್ಲಿ ಬಹುಪಾಲು ಜನ ಈ ಮೂರನೆಯ ಸಾಲಿಗೆ ಸೇರುತ್ತಾರೆಂಬುದು ನನ್ನ ಅಂದಾಜು. ಅವರು ಕಳ್ಳರಲ್ಲ. ಆದರೆ ಆ ಭಿಕ್ಷುವಿಗೆ ‘ಅಯ್ಯಾ, ನಿನಗೆ ಇನ್ನೂ ಆಗಿಲ್ಲ, ಹೋಗಿ ಕೂತುಕೋ’ ಎನ್ನುವ ಸಂಘವಿತ್ತು. ತಾರೆಗೆ ಮ್ಯಾನೇಜರ್ ಇದ್ದಾನೆ.

ಅರ್ಜುನ ಕೂಡ ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಬಗ್ಗೆ ಕೇಳುವಾಗ, ಅವನಿಗೆ ಏನು ಕಂಡಿತು, ಹೇಗೆ ಅನಿಸಿತು ಎಂದು ಕೇಳುವುದಿಲ್ಲ. ಅವನು ಹೇಗೆ ಮಾತನಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಕೇಳುತ್ತಾನೆ. ಹೊರಗಿನವರ ಕಣ್ಣಿಗೆ ಬೀಳುವ ಪ್ರಶ್ನೆಗಳವು, ಹೆಣ್ಣು ನೋಡಲು ಬಂದವರು ಕೇಳುವಂಥವು.

ಕನ್ನಡದ ನೆಲದಲ್ಲಿ ಈ ಪರೀಕ್ಷೆ ಇನ್ನೂ ನಿಷ್ಠುರವಾಗಿದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದ ಪ್ರಶ್ನೆಗಳು, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅವನು ಒಡ್ಡನೆಂದು ಕೆಣಕಿದ್ದು ನಿಮಗೆಲ್ಲ ಗೊತ್ತಿರುವ ಪ್ರಸಂಗಗಳು. ನಾನು ಹೇಳಬೇಕೆಂದಿರುವುದು ಅಜಗಣ್ಣನನ್ನು. ಅವನು ಇಷ್ಟಲಿಂಗವನ್ನು ಬಾಯಲ್ಲಿ ಅಡಗಿಸಿಕೊಂಡು ಬದುಕಿದ ಗುಪ್ತಭಕ್ತ. ಅವನೊಳಗೆ ಏನಿತ್ತು ಎಂಬುದು ಜನಕ್ಕೆ ತಿಳಿದದ್ದು ಅವನು ಸತ್ತ ಮೇಲೆ. ಅವನ ತಂಗಿ ಮುಕ್ತಾಯಕ್ಕ ಅಳುತ್ತ ಕೂತಿರುವಾಗ ಸಮಾಧಾನ ಹೇಳಲು ಅಲ್ಲಮ ಬಂದರೆ, ಆಕೆ ಅವನನ್ನೇ ಪ್ರಶ್ನಿಸುತ್ತಾಳೆ: ನಿನ್ನಲ್ಲಿ ಮಾತು ಇನ್ನೂ ಉಳಿದಿದೆಯಲ್ಲ, ನಮ್ಮಣ್ಣನ ಹಾಗೆ ನೀನು ಮಾತು ಅಳಿದವನೇ ಎಂದು. ಅಲ್ಲಮನಂಥ ಅಲ್ಲಮನಿಗೆ, ದುಃಖದಲ್ಲಿದ್ದ ಒಬ್ಬ ಹೆಣ್ಣುಮಗಳು, ಅಣ್ಣನ ಮೌನವನ್ನು ಅಳತೆಗೋಲಾಗಿ ಹಿಡಿದು ಕೇಳಿದ ಪ್ರಶ್ನೆ ಅದು. ಅವಳು ಅವನ ಅಭಿಮಾನಿಯಾಗಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಇನ್ನು ನಮ್ಮ ಮಳವಳ್ಳಿ ಕಡೆಯ ಕಥೆ. ನಾನು ಹುಡುಗನಾಗಿದ್ದಾಗ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಮನೆ ಬಾಗಿಲಿಗೆ ಬಂದರೆ ನಮ್ಮ ಅಜ್ಜಿ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸುತ್ತಿದ್ದರು. ಅವರಲ್ಲಿ ಹಿರಿಯರು ತಂಬೂರಿಯ ತಂತಿಯನ್ನು ಬೆರಳ ತುದಿಯಿಂದ ಮುಟ್ಟಿ ಶ್ರುತಿ ನೋಡಿ, ಒಂದು ಲೋಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಬಸವಣ್ಣನ ಮಠದಲ್ಲಿ 1,96,000 ಶರಣರಿದ್ದಾರೆ, ದಿನವೂ ದಾಸೋಹ ನಡೆದಿದೆ. ಅಲ್ಲಿಗೆ ಧರೆಗೆ ದೊಡ್ಡವರು ಮೈಯೆಲ್ಲ ಹುಣ್ಣಾಗಿ ನೊಣ ಮುತ್ತಿದ ಕುಷ್ಠರೋಗಿಯ ವೇಷದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹೊರಗಿನ ನಾತಕ್ಕೆ ಒಳಗಿನ ಶರಣರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಒಳಗೆ ಹೆಸರಿಗಷ್ಟೇ ಶರಣರಾದವರು ಎಷ್ಟು ಜನ, ನಿಜವಾದವರು ಎಷ್ಟು ಜನ ಎಂಬುದು ಆ ಒಂದು ನಾತದಿಂದ ಗೊತ್ತಾಗಿಹೋಗುತ್ತದೆ. ಮುಂದೆ ಅವರ ಶಿಷ್ಯ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಬಳಿ ಕಬ್ಬಿಣದ ಭಿಕ್ಷೆಗೆ ಹೋದಾಗ, ಅವರೂ ಇವನನ್ನು ಸುಮ್ಮನೆ ನಂಬುವುದಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಗುರು ಪರೀಕ್ಷಿಸುತ್ತಾನೆ, ಶಿಷ್ಯ ಪರೀಕ್ಷೆಗೆ ಒಳಗಾಗುತ್ತಾನೆ. ಬೊಪ್ಪೇಗೌಡನಪುರದಲ್ಲಿ, ಚಿಕ್ಕಲ್ಲೂರಿನಲ್ಲಿ ಇಂದಿಗೂ ಲಕ್ಷ ಜನ ಸೇರಿ ಕೈಮುಗಿಯುವುದು ಹೀಗೆ ಪರೀಕ್ಷೆಗೊಳಗಾದ ದೈವಗಳಿಗೆ. ಬೆಳಕು ಕಂಡೆನೆಂದು ಹೇಳುವ ತಾರೆಯ ಮನೆಯ ಗೇಟಿನಲ್ಲಿ ಹುಣ್ಣಾದವನೊಬ್ಬ ಬಂದು ನಿಂತರೆ ಅವನನ್ನು ತಡೆಯುವವರು ಶರಣರಲ್ಲ, ಸೆಕ್ಯೂರಿಟಿಯವರು; ತಾರೆಗೆ ವಿಷಯವೇ ತಿಳಿಯುವುದಿಲ್ಲ. ಪರೀಕ್ಷೆ ನಡೆಯದಂತೆ ಕಟ್ಟಿದ ಬದುಕು ಅದು.

ಜ್ಞಾನಿಯೆಂಬ ಪಟ್ಟವನ್ನು ಒಪ್ಪದೆ ಹೋದವರೂ ಇದ್ದಾರೆ. ಜಗದ್ಗುರುವಾಗಿ ಬೆಳೆಸಲ್ಪಟ್ಟ ಜಿಡ್ಡು ಕೃಷ್ಣಮೂರ್ತಿಯವರು 1929ರ ಆಗಸ್ಟ್ 3ರಂದು ಹಾಲೆಂಡಿನ ಓಮನ್‌ನಲ್ಲಿ ತಮಗಾಗಿ ಕಟ್ಟಿದ್ದ ಸಂಘವನ್ನು ತಾವೇ ವಿಸರ್ಜಿಸಿದರು. (ಆ ನಿರಾಕರಣೆಯೇ ಅವರ ಮುಂದಿನ ಖ್ಯಾತಿಗೆ ಮೂಲವಾಯಿತು ಎಂಬುದು ಬೇರೆ ಮಾತು.) ಅದೇ ಹೆಸರಿನ ಇನ್ನೊಬ್ಬ ಚಿಂತಕ ಯು.ಜಿ. ಕೃಷ್ಣಮೂರ್ತಿಯವರು 1967ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಮಗೆ ಆದದ್ದನ್ನು ಜ್ಞಾನೋದಯವೆನ್ನದೆ ವಿಪತ್ತು ಎಂದು ಕರೆದರು; 1972ರಲ್ಲಿ ಬೆಂಗಳೂರಿನಲ್ಲಿ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟು, ಆಮೇಲೆ ವೇದಿಕೆ ಹತ್ತಲಿಲ್ಲ. ನನಗೆ ಹೆಚ್ಚು ಹತ್ತಿರವೆನಿಸುವವರು ಕೆನಡಾದ ಗಾಯಕ ಲಿಯೊನಾರ್ಡ್ ಕೊಹೆನ್. ಅವರು ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿಯ ಝೆನ್ ಮಠದಲ್ಲಿ ವರ್ಷಗಟ್ಟಲೆ ಇದ್ದು, 1996ರಲ್ಲಿ ದೀಕ್ಷೆ ಪಡೆದು, ಆಮೇಲೆ ಮುಂಬಯಿಗೆ ಬಂದು, ಬ್ಯಾಂಕಿನ ಹಿರಿಯ ಅಧಿಕಾರಿಯಾಗಿ ನಿವೃತ್ತರಾಗಿದ್ದ ರಮೇಶ ಬಲ್ಸೇಕರರ ಮನೆಯಲ್ಲಿ ಅದ್ವೈತ ಕೇಳಿದರು. ಇಷ್ಟೆಲ್ಲ ಆದ ಮೇಲೆ ಅವರು ಹೇಳಿಕೊಂಡದ್ದು, ಬಹುಕಾಲ ಕಾಡಿದ ಖಿನ್ನತೆ ಹೇಗೋ ಬಿಟ್ಟುಹೋಯಿತು ಎಂದಷ್ಟೆ. ಅದು ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ಹೇಳಬಹುದಾದ ಅಳತೆಯ ಮಾತು.

ನನ್ನದೂ ಒಂದು ಸಣ್ಣ ಪ್ರಸಂಗವಿದೆ. ಮೂವತ್ತರ ಆಸುಪಾಸಿನಲ್ಲಿ ಒಂದು ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನಂದಿಯ ಬಳಿ ಒಂದು ಬಂಡೆಯ ಮೇಲೆ ಕೂತಿದ್ದೆ. ಐದು ನಿಮಿಷ ಇರಬಹುದು, ಕೂತವನು ಯಾರೆಂಬುದೇ ಮರೆತುಹೋಗಿ, ಕೆಳಗಿನ ಊರು ಮಾತ್ರ ಉಳಿದಂತಾಯಿತು. ಬಹಳ ಹಿತವಾಗಿತ್ತು. ಇದನ್ನು ಮೊದಲು ಮನೆಯಲ್ಲಿ ಹೇಳಿದೆ, ಆಮೇಲೆ ಕಚೇರಿಯ ಗೆಳೆಯರೊಬ್ಬರಿಗೆ ಹೇಳಿದೆ, ಮೂರನೆಯ ಸಲ ಒಂದು ಮದುವೆ ಮನೆಯಲ್ಲಿ ಊಟದ ಸಾಲಿಗೆ ಕಾಯುತ್ತ ನಾಲ್ಕಾರು ಜನರಿಗೆ ಹೇಳಿದೆ. ಆ ಮೂರನೆಯ ಸಲ, ‘ಊರೆಲ್ಲ ಮಂಜಿನಲ್ಲಿ ಮುಳುಗಿತ್ತು’ ಎಂಬ ಮಾತು ನನ್ನ ಬಾಯಿಂದ ಬಂತು. ಅಂದು ಮಂಜು ಇರಲಿಲ್ಲ. ಅದು ಏಪ್ರಿಲ್ ತಿಂಗಳು. ಕೇಳುವವರ ಮುಖ ನೋಡುತ್ತ ನೋಡುತ್ತ ನಾನು ಮಂಜು ಬೆರೆಸಿದ್ದೆ, ಬೆರೆಸುವಾಗ ಸುಳ್ಳೆನಿಸಿರಲಿಲ್ಲ. ನಾಲ್ಕು ಜನ ಕೇಳುವವರಿದ್ದಾಗ ನನಗೇ ಹೀಗಾದರೆ, ಮುಖಭಾವದಿಂದ ಲಕ್ಷಾಂತರ ಜನರನ್ನು ಹಿಡಿದಿಡುವುದನ್ನೇ ವೃತ್ತಿಯಾಗಿ ಪಡೆದವರ ಕಥೆಯಲ್ಲಿ ಎಷ್ಟು ಮಂಜು ಸೇರಬಹುದು ಎಂದು ಯೋಚಿಸಿ.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಪ್ರಶ್ನೋತ್ತರದಲ್ಲಿ, ನಿವೃತ್ತ ಅಧ್ಯಾಪಕಿಯೊಬ್ಬರು ಎದ್ದು, ‘ಸರ್, ಬೆಟ್ಟದ ಪ್ರಸಂಗವನ್ನು ತಾವು ಇವತ್ತು ಮತ್ತೆ ನಮ್ಮೆಲ್ಲರ ಮುಂದೆ ಹೇಳಿದಿರಿ. ಇದು ಎಷ್ಟನೆಯ ಸಲ?’ ಎಂದು ಕೇಳಿದರು. ನಾಲ್ಕನೆಯದು, ಮಂಜನ್ನು ತೆಗೆದಿದ್ದೇನೆ ಎಂದೆ. ಬೇರೆ ಏನು ಸೇರಿದೆಯೆಂದು ಹೇಗೆ ಗೊತ್ತು ಎಂದು ಅವರು ಬಿಡಲಿಲ್ಲ. ಅಂದು ನನ್ನ ಜೊತೆ ಮೆಟ್ಟಿಲು ಹತ್ತಿದ್ದ ಗೆಳೆಯ ಮೂರನೆಯ ಸಾಲಿನಲ್ಲಿ ಕೂತಿದ್ದಾನೆ, ಅವನನ್ನೇ ಕೇಳಿ ಎಂದು ನಾನು ಧೈರ್ಯವಾಗಿ ಕೈತೋರಿಸಿದೆ. ಅವನು ಎದ್ದು ನಿಂತು, ಕನ್ನಡಕ ತೆಗೆದು ಒರೆಸಿ, ಮಂಜು ಇರಲಿಲ್ಲವೆಂಬುದು ನಿಜ, ಬಂಡೆಯೂ ನಿಜ ಎಂದ. ಆಮೇಲೆ ಸ್ವಲ್ಪ ತಡೆದು, ‘ಆದರೆ ಐದು ನಿಮಿಷವಲ್ಲ, ಇಪ್ಪತ್ತು ನಿಮಿಷ. ನಾನು ಸೋಡಾ ಕುಡಿದು ಬರುವಷ್ಟರಲ್ಲಿ ಇವನು ಗೊರಕೆ ಹೊಡೆಯುತ್ತಿದ್ದ’ ಎಂದ.